ಒಣಗಲಿ ಬಿಡಿ

ಎಮ್ಮೆಯ ಹಸಿ ಚರ್ಮವನ್ನು ನೀರಿಗೆ ಹಾಕಿ ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ಬೇಯಿಸಬೇಕು. ಅದನ್ನು ಕಡ್ಡಿ ಮಾಡಿ ಬಿಸಿಲಿಗೆ ಒಣಗಿಸಿಡಬೇಕು. ಬೇಕೆಂದಾಗ ಬಿಸಿನೀರಿನಲ್ಲಿ ಕರಗಿಸಿಕೊಂಡರೆ ಅಂಟು ಸಿದ್ಧ. ಇದನ್ನು ಬರೆದಿಟ್ಟವನು ಬಡಗಿಯೇನಲ್ಲ, ಕಲ್ಯಾಣದಲ್ಲಿ ಕೂತು ಆಳುತ್ತಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. 1130ರ ಆಸುಪಾಸಿನ ಅವನ ‘ಮಾನಸೋಲ್ಲಾಸ’ದಲ್ಲಿ ಆನೆ ಪಳಗಿಸುವುದರಿಂದ ಹಿಡಿದು ಗದ್ದೆಯ ಇಲಿ ಹುರಿಯುವ ತನಕ ಎಲ್ಲವೂ ಇದೆ. ಅದರ ನಡುವೆ ಈ ಅಂಟಿಗೂ ಒಂದು ಜಾಗ ಸಿಕ್ಕಿದೆ. ಹೆಸರು ವಜ್ರಲೇಪ. ಗೋಡೆಯ ಮೇಲೆ ಚಿತ್ರ ಬರೆಯುವವರ ಅನುಕೂಲಕ್ಕೆಂದು ಹೇಳಿದ್ದು. ಅವನಿಗಿಂತ ಆರು ಶತಮಾನ ಹಿಂದಿನ ವರಾಹಮಿಹಿರನೂ ‘ಬೃಹತ್ಸಂಹಿತೆ’ಯಲ್ಲಿ ಇಂಥದ್ದೇ ಪಾಕಗಳನ್ನು ಕೊಟ್ಟಿದ್ದಾನೆ. ಅದರಲ್ಲೊಂದಕ್ಕೆ ಹಸು, ಎಮ್ಮೆ, ಆಡುಗಳ ಕೊಂಬು ಬೇಕು, ಎಮ್ಮೆಯ ಚರ್ಮ ಬೇಕು, ಬೇವು ಬೇಲದ ರಸ ಬೇಕು, ಸಾಲದ್ದಕ್ಕೆ ಕತ್ತೆಯ ಕೂದಲೂ ಬೇಕು. ಕತ್ತೆಯ ಕೂದಲು ಯಾಕೆಂದು ಅವನು ಹೇಳಿಲ್ಲ. ಹಳೆಯ ಕಾಲದ ಪಾಕಶಾಸ್ತ್ರಿಗಳು ಕಾರಣ ಕೇಳುವವರನ್ನು ಶಿಷ್ಯರೆಂದು ಪರಿಗಣಿಸುತ್ತಿರಲಿಲ್ಲ.

ನನಗೆ ಈ ಅಂಟು ಬೇಕಾದದ್ದು ಚಿತ್ರಕ್ಕಲ್ಲ, ಬಿಲ್ಲಿಗೆ.

ಬಿಲ್ಲು ಎಂದರೆ ಬಿದಿರಿನ ದಬ್ಬೆ ಬಗ್ಗಿಸಿ ದಾರ ಕಟ್ಟಿದ್ದು ಎಂದುಕೊಂಡಿದ್ದರೆ ಅದು ನಿಮ್ಮ ತಪ್ಪಲ್ಲ. ನಮ್ಮ ಯಕ್ಷಗಾನದ ಅರ್ಜುನನೂ ಹೆಚ್ಚುಕಡಿಮೆ ಅದನ್ನೇ ಹಿಡಿದು ಕುಣಿಯುತ್ತಾನೆ. ನಾನು ಹೇಳುತ್ತಿರುವುದು ತುರ್ಕರ ಕೊಂಬಿನ ಬಿಲ್ಲು. ನಡುವೆ ತೆಳ್ಳಗಿನ ಮೇಪಲ್ ಮರ. ಎಳೆಯುವವನ ಕಡೆಗೆ ಎಮ್ಮೆಯ ಕೊಂಬಿನ ಪಟ್ಟಿ. ಆಚೆ ಕಡೆಗೆ ಪ್ರಾಣಿಯ ಸ್ನಾಯುರಜ್ಜು, ಕಾಲಿನ ಹಿಂಬದಿಯಲ್ಲಿ ಹಗ್ಗದಂತಿರುತ್ತದಲ್ಲ, ಅದನ್ನು ಜಜ್ಜಿ ನಾರು ನಾರಾಗಿ ಬಿಡಿಸಿದ್ದು. ಬಿಲ್ಲನ್ನು ಎಳೆದಾಗ ಕೊಂಬು ಅದುಮಿಸಿಕೊಳ್ಳುತ್ತದೆ, ನಾರು ಹಿಗ್ಗುತ್ತದೆ, ಮರ ನಡುವೆ ನಿಂತು ಇಬ್ಬರಿಗೂ ಸಮಾಧಾನ ಹೇಳುತ್ತದೆ. ಹೆದೆ ಇಳಿಸಿದರೆ ಇಡೀ ಬಿಲ್ಲು ಉಲ್ಟಾ ತಿರುಗಿ ಏಡಿಯ ಕೊಂಡಿಯಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಇಷ್ಟೊಂದು ಸೆಟೆದುಕೊಂಡಿರುವ ಮೂರು ವಸ್ತುಗಳನ್ನು ಒಟ್ಟಿಗೆ ಹಿಡಿದಿಟ್ಟಿರುವುದು ಅಂಟು ಮಾತ್ರ. ಒಂದು ಮೊಳೆ ಇಲ್ಲ, ಒಂದು ಬೆಣೆ ಇಲ್ಲ.

ಇಂಥ ಬಿಲ್ಲಿಗೆ ಬೇಕಾದ ಮುಖ್ಯ ಸಾಮಗ್ರಿ ಒಣ ಹವೆ. ನಾನಿರುವುದು ತೀರ್ಥಹಳ್ಳಿಯ ಕಡೆ. ಜೂನ್‌ನಲ್ಲಿ ಹಿಡಿದ ಮಳೆ ದಸರೆಯ ಹೊತ್ತಿಗೂ ‘ಹೊರಡುತ್ತೇನೆ’ ಎಂದು ಹೇಳಿ ಜಗಲಿಯಲ್ಲೇ ನಿಂತಿರುವ ಊರು ಇದು. ಇಲ್ಲಿ ಆಷಾಢದಲ್ಲಿ ಒಗೆದ ಪಂಚೆ ಶ್ರಾವಣದಲ್ಲಿ ಉಡಲು ಸಿಗುತ್ತದೆ, ಅದೂ ಹೊಗೆಯ ವಾಸನೆಯೊಂದಿಗೆ. ಬೆಂಗಳೂರಿನ ಕೆಲಸ ಮುಗಿಸಿ ಅಣ್ಣನ ತೋಟದ ಮನೆಗೆ ಬಂದು ಸೇರಿದವನು ಜೇನು ಸಾಕಬಹುದಿತ್ತು, ಕಾಳುಮೆಣಸಿನ ಕಸಿ ಕಟ್ಟಬಹುದಿತ್ತು. ಅತ್ತಿಗೆ ಈಗಲೂ ಆ ಪಟ್ಟಿಯನ್ನು ಆಗಾಗ ನೆನಪಿಸುತ್ತಾರೆ.

ಆದರೆ ನಾನು ಓದಿದ ಪುಸ್ತಕವೇ ಬೇರೆ. ಪಾಲ್ ಕ್ಲಾಪ್‌ಸ್ಟೆಗ್ ಎಂಬ ಅಮೆರಿಕದ ಭೌತವಿಜ್ಞಾನಿ 1934ರಲ್ಲಿ ತುರ್ಕರ ಬಿಲ್ಗಾರಿಕೆಯ ಮೇಲೆ ಒಂದು ಪುಸ್ತಕ ಬರೆದ. ಅವನಿಗೆ ತುರ್ಕಿ ಭಾಷೆ ಬರುತ್ತಿರಲಿಲ್ಲ. ಯೋವಾಖಿಮ್ ಹೈನ್ ಎಂಬ ಜರ್ಮನ್ ವಿದ್ವಾಂಸ 1920ರ ದಶಕದಲ್ಲಿ ಮುಸ್ತಫಾ ಕಾನಿ ಎಂಬ ಒಟ್ಟೊಮನ್ ಲೇಖಕನ ಗ್ರಂಥವನ್ನು ಜರ್ಮನಿಗೆ ತಂದಿದ್ದ, ಅದರ ಮೇಲೆ ಇವನು ನಿಂತ. ಕಾನಿ ತನ್ನ ಗ್ರಂಥವನ್ನು ಬರೆದದ್ದು 1830ರ ದಶಕದಲ್ಲಿ, ಸುಲ್ತಾನ ಎರಡನೆಯ ಮಹಮೂದನ ಅಪ್ಪಣೆಯ ಮೇರೆಗೆ. ಇಸ್ತಾಂಬುಲಿನಿಂದ ಜರ್ಮನಿ, ಅಲ್ಲಿಂದ ಅಮೆರಿಕ, ಅಲ್ಲಿಂದ ನಮ್ಮ ಜಗಲಿ. ಅಷ್ಟು ಕೈ ದಾಟಿ ಬಂದರೂ ಅಂಟಿನ ವಾಸನೆ ಮಾತ್ರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಈ ಮಹಮೂದನ ಬಗ್ಗೆ ನನಗೆ ಒಂದು ಬಗೆಯ ಕನಿಕರವಿದೆ. 1826ರಲ್ಲಿ ಜಾನಿಸರಿ ಪಡೆಯನ್ನೇ ಅಳಿಸಿಹಾಕಿ ಬಂದೂಕಿನ ಹೊಸ ಸೇನೆ ಕಟ್ಟಿದವನು ಅವನೇ. ಬಿಡುವಿನಲ್ಲಿ ಬಿಲ್ಲು ಹಿಡಿದು ಹೊರಟವನೂ ಅವನೇ. ಯುದ್ಧದಲ್ಲಿ ಬಿಲ್ಲಿಗೆ ಕೆಲಸವೇ ಉಳಿಯದ ಕಾಲದಲ್ಲಿ ಕೂತು, ಅದನ್ನು ಹೇಗೆ ಮಾಡುತ್ತಿದ್ದರು, ಯಾವ ಅಂಟು, ಎಷ್ಟು ದಿನ ಒಣಗಿಸುವುದು ಎಲ್ಲವನ್ನೂ ಬರೆಸಿಟ್ಟ. ಬರೆಸದೆ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬರೆಸಿದ ಮೇಲೂ ಬಹಳ ಕಾಲ ಯಾರೂ ಕೇಳಲಿಲ್ಲ.

ಅಂಟು ಆರಿಸುವುದು ವರ ನೋಡುವುದಕ್ಕಿಂತ ಕಷ್ಟ, ಯಾಕೆಂದರೆ ಇಲ್ಲಿ ಎಲ್ಲರ ಗೋತ್ರವೂ ಒಂದೇ. ಚರ್ಮ, ಮೂಳೆ, ಸ್ನಾಯು, ಮೀನಿನ ಗಾಳಿಚೀಲ, ಯಾವುದನ್ನೇ ಬೇಯಿಸಿದರೂ ಇಳಿಯುವುದು ಕೊಲಾಜೆನ್ ಕರಗಿದ ಜೆಲಾಟಿನ್. ವ್ಯತ್ಯಾಸವಿರುವುದು ಬಲದಲ್ಲಿ. ಆ ಬಲವನ್ನು ಅಳೆಯಲು ಆಸ್ಕರ್ ಬ್ಲೂಮ್ ಎಂಬವನು 1925ರಲ್ಲಿ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದ. 6.67 ಶೇಕಡಾ ಅಂಟು ಬೆರೆಸಿದ ನೀರನ್ನು 10 ಡಿಗ್ರಿಗೆ ತಣಿಸಿ ಹೆಪ್ಪುಗಟ್ಟಿಸುವುದು. ಆಮೇಲೆ ಅದರೊಳಗೆ ಒಂದು ಬೆಣೆಯನ್ನು 4 ಮಿಲಿಮೀಟರ್ ಒತ್ತುವುದು. ಒತ್ತಲು ಎಷ್ಟು ಗ್ರಾಂ ಭಾರ ಬೇಕಾಯಿತೋ ಅದೇ ಅಂಟಿನ ಅಂಕ. ಮೇಜು ಕುರ್ಚಿ ಮಾಡುವವರು 192 ಗ್ರಾಮಿನದನ್ನು ಮೆಚ್ಚುತ್ತಾರೆ, ಪಿಟೀಲು ಮಾಡುವವರು 251ರ ಕಡೆ ವಾಲುತ್ತಾರೆ. ಅಂಕ ಹೆಚ್ಚಿದಷ್ಟೂ ಒಳ್ಳೆಯದು ಎಂದುಕೊಳ್ಳುವುದು ಶಾಲೆಯಲ್ಲಿ ಕಲಿತ ದುರಭ್ಯಾಸ. ಹೆಚ್ಚು ಗ್ರಾಮಿನ ಅಂಟು ಬೇಗ ಹೆಪ್ಪುಗಟ್ಟುತ್ತದೆ. ನಾರಿನ ಒಂದು ಹಿಡಿಯನ್ನು ಅದ್ದಿ, ಬಾಚಿ, ಬಿಲ್ಲಿನ ಬೆನ್ನಿಗೆ ಮಲಗಿಸಿ ನೇವರಿಸುವಷ್ಟರಲ್ಲಿ ಅದು ಕೈಯಲ್ಲೇ ಜೆಲ್ಲಿಯಾಗಿ ಕೂತಿರುತ್ತದೆ. ನಾರಿನ ಕೆಲಸಕ್ಕೆ ಸಾವಧಾನದ ಅಂಟು ಬೇಕು.

ಮೊಲದ ಚರ್ಮದ ಅಂಟು ಹೆಸರಿಗೆ ಮುದ್ದಾಗಿದೆ. ಯೂರೋಪಿನ ಚಿತ್ರಕಾರರು ಕ್ಯಾನ್ವಾಸಿಗೆ ಬಳಿಯಲು, ಚಿನ್ನದ ರೇಕು ಕೂರಿಸಲು ಬಳಸುವಂಥದ್ದು. ಚಿತ್ರಕ್ಕೇ ಇರಲಿ ಎಂದು ಬಿಟ್ಟೆ. ತುರ್ಕರು ಸ್ನಾಯುವನ್ನೇ ಬೇಯಿಸಿ ತೆಗೆದ ಅಂಟಿಗೆ ಮೀನಿನ ಅಂಟು ಬೆರೆಸುತ್ತಿದ್ದರು. ಕೊರಿಯದವರು ತಮ್ಮ ಕೊಂಬಿನ ಬಿಲ್ಲಿಗೆ, ಗಕ್‌ಗುಂಗ್ ಎನ್ನುತ್ತಾರೆ, ಇಂದಿಗೂ ಮೀನಿನ ಗಾಳಿಚೀಲದ ಅಂಟನ್ನೇ ನಂಬಿದ್ದಾರೆ. ಆ ಮೀನಿನ ನೆಂಟರು ನಮ್ಮ ಪಶ್ಚಿಮ ಕರಾವಳಿಯಲ್ಲೂ ಸಿಗುತ್ತಾರೆ, ಘೋಲ್ ಎಂದು ಕರೆಯುತ್ತಾರೆ, 2023ರಲ್ಲಿ ಗುಜರಾತ್ ಅದನ್ನು ರಾಜ್ಯದ ಮೀನೆಂದು ಘೋಷಿಸಿತು. ಸಂತೋಷದಿಂದ ಮಲ್ಪೆಯ ಕಡೆಯ ಪರಿಚಯಸ್ಥರೊಬ್ಬರಿಗೆ ಫೋನ್ ಮಾಡಿ, ಘೋಲ್ ಮೀನಿನ ಒಣಗಿದ ಗಾಳಿಚೀಲ ಸ್ವಲ್ಪ ಸಿಗಬಹುದೇ ಎಂದು ಕೇಳಿದೆ. ಅವರು ಬಹಳ ಹೊತ್ತು ನಕ್ಕರು. ಅದೆಲ್ಲ ಒಣಗಿ ಹಾಂಕಾಂಗಿನ ದಾರಿ ಹಿಡಿಯುತ್ತದಂತೆ, ಅಲ್ಲಿ ಸೂಪು ಕುಡಿಯುವವರು ಕೊಡುವ ಬೆಲೆಗೆ ನಮ್ಮ ಮನೆಯ ಒಂದು ಫಸಲಿನ ಅಡಿಕೆಯನ್ನು ತೂಗಬೇಕಾದೀತಂತೆ. ಅಣ್ಣನಿಗೆ ಈ ವಿಷಯ ಹೇಳಲಿಲ್ಲ.

ಕೊನೆಗೆ ಆಯ್ಕೆಯಾದದ್ದು ಸಾಧಾರಣ ದನಗಾಹಿ ವಂಶದ್ದೇ. ಚರ್ಮದ ಅಂಟು, ಜೇನಿನ ಬಣ್ಣದ ಕಾಳುಗಳ ರೂಪದಲ್ಲಿ, ಪಾರ್ಸೆಲ್ ಮೂಲಕ ಬಂತು.

ನಮ್ಮದು ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಅಡುಗೆಮನೆ. ಅಲ್ಲಿ ಚರ್ಮದ ಕಾಳು ನೆನೆಹಾಕುವ ಮಾತು ಬಂದಾಗ ಅಮ್ಮ ಏನೂ ಹೇಳಲಿಲ್ಲ, ದೇವರ ಕೋಣೆಯ ಬಾಗಿಲನ್ನು ಮಾತ್ರ ಎಳೆದುಕೊಂಡಳು. ಅವಳು ದಿನಾ ಬೆಳಿಗ್ಗೆ ನುಂಗುವ ಕ್ಯಾಪ್ಸೂಲಿನ ಹೊದಿಕೆಯೂ ಬಹುಪಾಲು ಇದೇ ಜೆಲಾಟಿನ್ನೇ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎಂಬತ್ತು ದಾಟಿದವಳ ಮಾತ್ರೆಯ ಮೇಲೆ ವಿಜ್ಞಾನ ಹೇರುವಷ್ಟು ಕಟುಕ ನಾನಲ್ಲ, ನುಂಗಿಕೊಂಡೆ. ಅಂಟಿನ ಕಾರ್ಖಾನೆ ಅಡಿಕೆ ಬೇಯಿಸುವ ಕೊಟ್ಟಿಗೆಗೆ ಹೋಯಿತು.

ಕಲಸುವ ವಿಧಾನ ಸರಳವೇ. ಕಾಳುಗಳನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ನೋಡಿದರೆ ನೀರೆಲ್ಲ ಕುಡಿದು ಉಬ್ಬಿರುತ್ತವೆ. ಆಮೇಲೆ ಕಾಯಿಸುವುದು, ಆದರೆ ನೇರ ಬೆಂಕಿಯಲ್ಲಿ ಅಲ್ಲ. ಪಾತ್ರೆಯೊಳಗೆ ಪಾತ್ರೆ, ನಡುವೆ ನೀರು. ಸುಮಾರು 60 ಡಿಗ್ರಿ ಸಾಕು. 70 ದಾಟಿತೆಂದರೆ ಜೆಲಾಟಿನ್ನಿನ ಉದ್ದ ಸರಪಳಿಗಳು ತುಂಡಾಗತೊಡಗುತ್ತವೆ, ಕುದಿಸಿದರೆ ಉಳಿಯುವುದು ವಾಸನೆ ಮಾತ್ರ. ಇಂಥ ಪಾತ್ರೆಗೆ ಪರದೇಶಗಳಲ್ಲಿ ಸಾಕಷ್ಟು ದುಡ್ಡು ಕೊಟ್ಟು ಅಂಟಿನ ಮಡಕೆ ಎಂದೇ ಕೊಳ್ಳುತ್ತಾರೆ. ನಮ್ಮ ಅಟ್ಟದ ಮೇಲೆ ಒಂದು ಹಾಲಿನ ಕುಕ್ಕರ್ ಇತ್ತು. ಜೋಡಿ ಗೋಡೆಯದು, ಬದಿಯ ತೂತಿನಿಂದ ನೀರು ತುಂಬಿ ಸೀಟಿ ಸಿಕ್ಕಿಸುವಂಥದ್ದು. ಒಂದು ಕಾಲದಲ್ಲಿ ಮದುವೆಗೆ ಬಂದ ಉಡುಗೊರೆಗಳಲ್ಲಿ ಅದು ಮೂರಾದರೂ ಇರುತ್ತಿತ್ತು. ಹಾಲು ಉಕ್ಕಬಾರದೆಂದು ಯಾರೋ ಕಂಡುಹಿಡಿದ ಆ ಪಾತ್ರೆ, ಸೀಟಿ ತೆಗೆದು ಒಲೆಯ ಪಕ್ಕದ ಕೆಂಡದ ಮೇಲಿಟ್ಟರೆ, ಒಟ್ಟೊಮನ್ ಕಮ್ಮಟಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಥರ್ಮಾಮೀಟರ್ ಇತ್ತು. ಆದರೆ ಹದ ಹೇಳಿದ್ದು ನಮ್ಮ ಅಡಿಕೆ ಬೇಯಿಸುವ ಹಳೆಯ ಆಳು. ಅಡಿಕೆ ಬೇಯಿಸಿದ ನೀರನ್ನು ಇಳಿಸಿ ಇಳಿಸಿ ಚೊಗರು ಮಾಡುವುದರಲ್ಲಿ ಅವನ ಆಯುಷ್ಯ ಕಳೆದಿದೆ. ಚೊಗರು ತೆಳುವಾದರೆ ಅಡಿಕೆಗೆ ಬಣ್ಣ ಹಿಡಿಯುವುದಿಲ್ಲ, ದಪ್ಪವಾದರೆ ಮೇಲೆ ಪೊರೆ ಕಟ್ಟಿ ಉದುರುತ್ತದೆ. ಅವನು ನನ್ನ ಕುಕ್ಕರಿಗೆ ಒಂದು ಕಡ್ಡಿ ಅದ್ದಿ ಮೇಲೆತ್ತಿದ, ತೊಟ್ಟಿಕ್ಕುವುದನ್ನು ಬೆಳಕಿಗೆ ಹಿಡಿದು ನೋಡಿದ, “ಇನ್ನೊಂದು ಚೂರು ನೀರು ಕುಡೀತದೆ” ಎಂದ. ಕೊಂಬು ಮತ್ತು ಮರಕ್ಕೆ ಮೊದಲು ಬಳಿಯುವ ಲೇಪ ನೀರಿಗಿಂತ ಸ್ವಲ್ಪವೇ ಗಟ್ಟಿ ಇರಬೇಕು, ರಂಧ್ರಗಳೊಳಗೆ ಇಳಿಯಬೇಕು. ಅದು ಒಣಗಿ, ಮತ್ತೆ ಬಳಿದು, ಮತ್ತೆ ಒಣಗಿ, ಆಮೇಲೆ ದಪ್ಪನೆಯದು. ತುರ್ಕರು ಹಲ್ಲಿರುವ ಉಳಿಯಿಂದ ಎರಡೂ ಮೈಗಳಿಗೆ ಉದ್ದುದ್ದ ಗೀರು ಹಾಕಿ, ಒಂದರ ಏಣು ಇನ್ನೊಂದರ ತೋಡಿನಲ್ಲಿ ಕೂರುವಂತೆ ಅಂಟಿಸಿ ಹಗ್ಗ ಬಿಗಿಯುತ್ತಿದ್ದರು. ಇಷ್ಟೆಲ್ಲ ಆಗುವಾಗ ಬೆರಳಿನ ಎಣ್ಣೆಯೂ ತಾಗಬಾರದು. ದಿನಾ ತೆಂಗಿನೆಣ್ಣೆ ತಿಕ್ಕಿಕೊಳ್ಳುವ ಮನೆತನದಲ್ಲಿ ಹುಟ್ಟಿದವನಿಗೆ ಇದು ಕುಲಧರ್ಮವನ್ನೇ ಬಿಟ್ಟ ಹಾಗೆ.

ಅಂಟು ನಿಧಾನವಾಗಿ ಹೆಪ್ಪುಗಟ್ಟಬೇಕೆಂದರೆ ಚಿಟಿಕೆ ಯೂರಿಯಾ ಹಾಕುವುದೂ ಒಂದು ದಾರಿ. ಬಡಗಿಗಳಿಗೆ ಬಾಟಲಿಯಲ್ಲಿ ಸಿಗುವ ದ್ರವರೂಪದ ಚರ್ಮದಂಟಿನಲ್ಲಿ ಕೆಲವದರ ಗುಟ್ಟು ಅದೇ. ಇದನ್ನು ಊಟದ ಹೊತ್ತಿಗೆ ಬಾಯಿಬಿಟ್ಟೆ. ಅಣ್ಣ ತಟ್ಟೆಯಿಂದ ತಲೆ ಎತ್ತದೆ, “ಸೊಸೈಟಿಯ ಮುಂದೆ ಸಾಲು ನಿಂತು ತಂದ ಯೂರಿಯಾ ತೋಟಕ್ಕೇ ಸಾಲುವುದಿಲ್ಲ” ಎಂದ. ಅದೂ ಒಳ್ಳೆಯದೇ ಆಯಿತು. ಯೂರಿಯಾ ಬೆರೆತ ಅಂಟು ಗಾಳಿಯ ತೇವಕ್ಕೆ ಇನ್ನಷ್ಟು ಬೇಗ ಸೋಲುತ್ತದೆ, ತೀರ್ಥಹಳ್ಳಿಯ ಗಾಳಿಗೆ ಅಂಥ ಸಹಾಯವೇನೂ ಬೇಕಿಲ್ಲ.

ವಾಸನೆಯ ವಿಷಯ. ತಾಜಾ ಅಂಟು ಅಷ್ಟೇನೂ ನಾರುವುದಿಲ್ಲ. ಎರಡು ಮೂರು ದಿನ ಬಿಟ್ಟರೆ ಸೂಕ್ಷ್ಮಜೀವಿಗಳು ಹಬ್ಬ ಮಾಡುತ್ತವೆ, ಆಗಿನ ವಾಸನೆಯನ್ನು ವರ್ಣಿಸುವುದು ಬೇಡ. ಆದರೆ ಬಿಸಿ ಅಂಟಿನ ಮೊದಲ ಹಬೆ ಮೂಗಿಗೆ ಬಡಿದಾಗ ನನಗೆ ನೆನಪಾದದ್ದು ನಮ್ಮೂರಿನ ಆಚಾರರ ಕೊಟ್ಟಿಗೆ. ಮೂಲೆಯಲ್ಲಿ ಇದ್ದಿಲ ಒಲೆ, ಅದರ ಮೇಲೆ ಅಂಟು ಮೆತ್ತಿ ಮೆತ್ತಿ ಮೂಲ ಲೋಹ ಯಾವುದೆಂದೇ ತಿಳಿಯದಂತಾದ ಒಂದು ಡಬ್ಬಿ, ಅದರಲ್ಲಿ ಮರವಜ್ರ. ಬಾಗಿಲು ಚೌಕಟ್ಟಿನ ಕೆಲಸವಿದ್ದ ದಿನ ಆ ಹಬೆ ಬೀದಿಯ ತುದಿಯವರೆಗೂ ಬರುತ್ತಿತ್ತು. ಮಕ್ಕಳು ಹತ್ತಿರ ಹೋದರೆ ಕುಂಚ ತೋರಿಸಿ ಹೆದರಿಸುತ್ತಿದ್ದರು. 1959ರಲ್ಲಿ ಮಾರುಕಟ್ಟೆಗೆ ಬಂದ ಫೆವಿಕಾಲ್ ಎಂಬ ಬಿಳಿಯ ಅಂಟು ನಮ್ಮೂರು ಮುಟ್ಟಲು ಬಹಳ ವರ್ಷ ಹಿಡಿಯಿತು. ಮುಟ್ಟಿದ ಮೇಲೆ ಆ ಇದ್ದಿಲ ಒಲೆ ಆರಿತು. ಆಚಾರರೇನೂ ಕಣ್ಣೀರು ಹಾಕಲಿಲ್ಲ, ಬಹಳ ಸಂತೋಷಪಟ್ಟರು. ಮುಂಜಾನೆ ಎದ್ದು ಅಂಟು ಕಾಯಿಸುವ ರಗಳೆ ತಪ್ಪಿತಲ್ಲ! ಹಳೆಯದನ್ನು ನೆನೆದು ನಿಟ್ಟುಸಿರು ಬಿಡುವ ಕೆಲಸ ಯಾವಾಗಲೂ ಅದನ್ನು ಮಾಡದೆ ಇದ್ದವರ ಪಾಲಿಗೇ ಬರುತ್ತದೆ.

ನಾರಿನ ವ್ಯವಹಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನ ಶಿವಾಜಿನಗರದಲ್ಲಿ ಮಾಂಸದಂಗಡಿಯವನೊಬ್ಬನ ಹತ್ತಿರ ಕಾಲಿನ ನರ ಮಾತ್ರ ಬೇಕು, ಮಾಂಸ ಬೇಡ ಎಂದಾಗ ಅವನು ನನ್ನ ಹಣೆಯ ಗಂಧವನ್ನೂ ಮುಖವನ್ನೂ ಎರಡೆರಡು ಸಲ ನೋಡಿ, ಬೆಲೆ ಹೇಳದೆ ಕಟ್ಟಿಕೊಟ್ಟ. ದಾನವೆಂದುಕೊಂಡನೋ ಪರಿಹಾರವೆಂದುಕೊಂಡನೋ ತಿಳಿಯದು. ಒಣಗಿಸಿ, ಜಜ್ಜಿ, ಎಳೆ ಎಳೆಯಾಗಿ ಬಿಡಿಸಿದ ಆ ನಾರನ್ನು ಬಿಸಿ ಅಂಟಿನಲ್ಲಿ ಅದ್ದಿ ಬಾಚಣಿಗೆಯಿಂದ ಬಾಚುವಾಗ ನಾನು ಯಾರದೋ ಮಗುವಿನ ಜಡೆ ಹೆಣೆಯುತ್ತಿದ್ದೇನೆ ಎನ್ನಿಸುತ್ತಿತ್ತು. ಅತ್ತಿಗೆ ಆ ಬಾಚಣಿಗೆಯನ್ನು ಮರಳಿ ಪಡೆಯಲು ಒಪ್ಪಲಿಲ್ಲ.

ಇನ್ನು ಒಣಗುವುದು. ಎಲ್ಲ ಇರುವುದೇ ಇಲ್ಲಿ. ಚರ್ಮದಂಟು ಒಣಗುತ್ತಾ ಕುಗ್ಗುತ್ತದೆ, ಕುಗ್ಗುತ್ತಾ ಎಳೆಯುತ್ತದೆ. ಗಾಜಿನ ಮೇಲೆ ಬಳಿದು ಒಣಗಲು ಬಿಟ್ಟರೆ ಗಾಜಿನ ಚಕ್ಕೆಗಳನ್ನೇ ಕಿತ್ತು ತೆಗೆದು ಜರೀಗಿಡದ ಎಲೆಯಂಥ ಚಿತ್ತಾರ ಬಿಡಿಸುತ್ತದೆ. ಹಳೆಯ ಕಚೇರಿಗಳ ಕಿಟಕಿಗಾಜಿಗೆ ಬೇಕೆಂದೇ ಹೀಗೆ ಮಾಡಿಸುತ್ತಿದ್ದರು. ಬಿಲ್ಲಿನ ಬೆನ್ನಿನ ಮೇಲೆ ಆ ಕುಗ್ಗುವ ಶಕ್ತಿಯೇ ನಾರನ್ನು ಬಿಗಿದು ಬಿಲ್ಲನ್ನು ಹಿಂದಕ್ಕೆ ಮಣಿಸುತ್ತದೆ. ಅದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ಕೊರಿಯದ ಬಿಲ್ಲುಗಾರರು ಈ ಕೆಲಸವನ್ನು ಶರತ್ಕಾಲದಿಂದ ವಸಂತದೊಳಗೆ ಮುಗಿಸಿಬಿಡುತ್ತಾರೆ, ಬೇಸಿಗೆಯ ತೇವದ ಗಾಳಿಯಲ್ಲಿ ಅಂಟಿನ ಸಹವಾಸ ಬೇಡ ಎನ್ನುತ್ತಾರೆ. ಮುಗಿದ ಬಿಲ್ಲನ್ನೂ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತಾರೆ.

ತೇವ ಹೆಚ್ಚಾದರೆ ಅಂಟು ಮೆತ್ತಗಾಗುತ್ತದೆ, ತೀರಾ ಒಣಗಿದರೆ ಬಿಲ್ಲು ಸೆಟೆದು ಸಿಡುಕುತ್ತದೆ. ಇದು ತಿಳಿದ ಮೇಲೆ ನನಗೆ ಪುರಾಣ ಕೇಳುವ ಸುಖವೇ ಹೋಯಿತು. ಪಾಂಡವರು ಗಾಂಡೀವವನ್ನು ಬನ್ನಿಮರಕ್ಕೆ ಕಟ್ಟಿ ಒಂದು ವರ್ಷ ಅಜ್ಞಾತವಾಸಕ್ಕೆ ಹೋದರು. ಒಂದು ವರ್ಷವೆಂದರೆ ನಡುವೆ ಒಂದು ಪೂರ್ತಿ ಮಳೆಗಾಲ! ಉತ್ತರಕುಮಾರ ನಡುಗುತ್ತಾ ಮರ ಹತ್ತಿದಾಗ ನಾನು ಹೆದರುವುದು ಅವನಿಗಾಗಿ ಅಲ್ಲ, ಅಂಟಿಗಾಗಿ. ಜನಕನ ಮನೆಯ ಶಿವಧನುಸ್ಸಿನದು ಇನ್ನೊಂದು ಕಷ್ಟ. ತಲೆಮಾರುಗಳಿಂದ ಕಬ್ಬಿಣದ ಪೆಟ್ಟಿಗೆಯಲ್ಲಿ ಬಿದ್ದಿದ್ದ ಬಿಲ್ಲನ್ನು ಹೊರಗೆ ತಂದು, ಬಿಸಿ ತೋರಿಸದೆ, ಹೆದೆ ಏರಿಸಿ ಕಿವಿಯವರೆಗೆ ಎಳೆದರೆ ಅದು ಮುರಿಯದೆ ಇನ್ನೇನು ಮಾಡೀತು? ನವರಾತ್ರಿಯ ಪ್ರವಚನದಲ್ಲಿ ಈ ಸಂದೇಹ ಎತ್ತಿದೆ. ಪ್ರಸಾದ ಹಂಚುವಾಗ ನನ್ನ ಕೈಗೆ ಕೊನೆಯಲ್ಲಿ ಬಂತು.

ನಮ್ಮವರಿಗೆ ಈ ಕಷ್ಟ ಗೊತ್ತಿರಲಿಲ್ಲವೆಂದಲ್ಲ. ಕೌಟಿಲ್ಯ ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ಬಗೆಯ ಬಿಲ್ಲುಗಳನ್ನು ಹೆಸರಿಸುತ್ತಾನೆ. ಮೊಗಲರ ಕಾಲದಲ್ಲಿ ಕೊಂಬಿನ ಬಿಲ್ಲು ಇಲ್ಲಿ ಮೆರೆಯಿತು. ಅದರ ಜೊತೆಗೇ ಪೂರ್ತಿ ಉಕ್ಕಿನಲ್ಲಿ ಮಾಡಿದ ಬಿಲ್ಲುಗಳೂ ಈ ದೇಶದಲ್ಲಿ ಬಂದವು. ಎಸೆತದಲ್ಲಿ ಕೊಂಬಿನದಕ್ಕೆ ಸಮವಲ್ಲ. ಆದರೆ ಮಳೆಗಾಲ ಪೂರ್ತಿ ಆಯುಧಶಾಲೆಯಲ್ಲಿ ನೇತುಹಾಕಿದರೂ ಬಿಚ್ಚಿಕೊಳ್ಳುವುದಿಲ್ಲ. ಉಕ್ಕಿನ ಬಿಲ್ಲು ಕಂಡುಹಿಡಿದವನ ಊರಿನಲ್ಲಿ ಹಪ್ಪಳ ಒಣಗುತ್ತಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ಬಿಚ್ಚಿಕೊಳ್ಳುವುದು ಈ ಅಂಟಿನ ದೋಷವೆಂದು ನನಗೇಕೋ ಅನ್ನಿಸುವುದಿಲ್ಲ. ಪಿಟೀಲು ಮಾಡುವವರು ಮೇಲಿನ ಹಲಗೆಯನ್ನು ಬೇಕೆಂದೇ ತೆಳು ಅಂಟಿನಲ್ಲಿ ಕೂರಿಸುತ್ತಾರೆ. ಹವೆ ಬದಲಾಗಿ ಮರ ಎಳೆದಾಡಿದರೆ ಹಲಗೆ ಸೀಳುವ ಬದಲು ಸಂದು ಬಿಟ್ಟುಕೊಳ್ಳಲಿ, ಬಿಸಿ ಚಾಕು ಆಡಿಸಿ ತೆರೆದು ಮತ್ತೆ ಮುಚ್ಚಬಹುದು ಎಂದು. ನೂರಾರು ವರ್ಷದ ಪಿಟೀಲುಗಳು ಇನ್ನೂ ನುಡಿಯುತ್ತಿರುವುದರಲ್ಲಿ ಈ ಬಿಟ್ಟುಕೊಡುವ ಗುಣದ ಪಾಲೂ ಇದೆ.

ನಮ್ಮ ಮನೆಯಲ್ಲಿ ಮಳೆಗಾಲದಲ್ಲೂ ಒಣಗಿರುವ ಜಾಗ ಒಂದೇ, ಅಡುಗೆಮನೆಯ ಕಟ್ಟಿಗೆ ಒಲೆಯ ಮೇಲಿನ ಅಟ್ಟ. ಗ್ಯಾಸ್ ಬಂದ ಮೇಲೂ ಅಮ್ಮ ಆ ಒಲೆ ಆರಿಸಿಲ್ಲ. ಕೊರಿಯದವರ ಬೆಚ್ಚಗಿನ ಪೆಟ್ಟಿಗೆ ನಮ್ಮ ತಲೆಯ ಮೇಲೆಯೇ ಇದ್ದರೂ ಕೇಳುವ ಧೈರ್ಯ ಯಾರಿಗಿತ್ತು! ಬಾಳೆನಾರಿನಲ್ಲಿ ನೇತಾಡುವ ಸೌತೆಕಾಯಿ, ಮುರುಗಲ ಸಿಪ್ಪೆ, ಹಪ್ಪಳದ ಡಬ್ಬಗಳ ನಡುವೆ ಚರ್ಮ, ಕೊಂಬು, ನರ. ಬಿಲ್ಲನ್ನು ಜಗಲಿಯಲ್ಲೇ ಬಲ್ಬಿನ ಕೆಳಗೆ ಇಟ್ಟುಕೊಂಡು ದಿನಾ ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಒಂದು ರಾತ್ರಿ ಅಮ್ಮ ತಾನಾಗಿಯೇ, “ಅಪ್ಪಯ್ಯನ ಮದ್ದಳೆ ಇರ್ತಿದ್ದ ಜಾಗ ಖಾಲಿ ಉಂಟಲ್ಲ, ಅಲ್ಲಿಡು” ಎಂದಳು. ಅಜ್ಜ ಮೇಳದ ಮದ್ದಳೆಗಾರ. ಮಳೆ ಹಿಡಿದರೆ ಚರ್ಮ ಸಡಿಲಿ ಸ್ವರ ಇಳಿಯುತ್ತದೆಂದು ತಿರುಗಾಟವಿಲ್ಲದ ತಿಂಗಳುಗಳಲ್ಲಿ ಮದ್ದಳೆಯನ್ನು ಆ ಅಟ್ಟದಲ್ಲೇ ಇಡುತ್ತಿದ್ದರಂತೆ. ನಡುವೆ ಇಳಿಸಿ ಒಮ್ಮೆ ತಟ್ಟಿ ನೋಡಿ ಮತ್ತೆ ಏರಿಸುತ್ತಿದ್ದರಂತೆ. ಅವರು ಹೋದ ಮೇಲೆ ಮದ್ದಳೆಯನ್ನು ಯಾರೋ ಕೇಳಿ ಒಯ್ದರು. ಅವಳು ಆ ಜಾಗದಲ್ಲಿ ಬೇರೇನನ್ನೂ ಇಟ್ಟಿರಲಿಲ್ಲ ಎಂಬುದು ನನಗೆ ಅವತ್ತೇ ತಿಳಿದದ್ದು. ಮಡಿಯ ಪ್ರಶ್ನೆ ಎತ್ತಿದ ಅಣ್ಣನಿಗೆ, “ಮದ್ದಳೆಗೇನು ಬಾಳೆಲೆ ಹೊದಿಸ್ತಿದ್ದರಾ?” ಎಂದು ಕೇಳಿ ಅವಳು ಮಲಗಲು ಹೋದಳು.

ಬಿಲ್ಲು ಅಟ್ಟ ಸೇರಿದ ಸುದ್ದಿ ಊರಿಗೆ ಹಬ್ಬಿದೆ. ಪಕ್ಕದ ತೋಟದ ಭಟ್ಟರು ವಾರಕ್ಕೊಮ್ಮೆ ಬಂದು ವಿಚಾರಿಸುತ್ತಾರೆ. ಅವರಿಗೆ ಬಿಲ್ಲಿನ ಮೇಲೆ ಆಸಕ್ತಿಯಿಲ್ಲ, ಅವರ ಬಾಳೆಗೊನೆ ಮುರಿಯುವ ಮಂಗಗಳ ಮೇಲಿದೆ. “ಆಯ್ತಾ?” ಎನ್ನುತ್ತಾರೆ. “ಇನ್ನೂ ಒಣಗಬೇಕು” ಎನ್ನುತ್ತೇನೆ. ಮೊನ್ನೆ ಅವರಿಗೆ ಇದರ ಘನತೆಯಾದರೂ ತಿಳಿಯಲೆಂದು ಇಸ್ತಾಂಬುಲಿನ ಓಕ್‌ಮೈದಾನದ ಕತೆ ಹೇಳಿದೆ. 1453ರಲ್ಲಿ ನಗರ ಗೆದ್ದ ಸುಲ್ತಾನ ಎರಡನೆಯ ಮೆಹಮದ್ ಬಿಲ್ಲುಗಾರರಿಗೆಂದೇ ಬಿಡಿಸಿಟ್ಟ ಬಯಲು ಅದು. ಬಾಣ ಬಿದ್ದ ದೂರದ ದಾಖಲೆಗೆ ಕಲ್ಲುಕಂಬ ನೆಟ್ಟಿದ್ದಾರೆ, ಕೆಲವು ಈಗಲೂ ನಿಂತಿವೆ. ತೋಜ್‌ಕೋಪರಾನ್ ಇಸ್ಕಂದರ್ ಎಂಬವನ ಬಾಣ 800 ಮೀಟರನ್ನೂ ದಾಟಿ ಹೋಗಿತ್ತೆಂದು ಲೆಕ್ಕ. ಭಟ್ಟರು ಕವಳ ಜಗಿಯುತ್ತಾ ಗಮನವಿಟ್ಟು ಕೇಳಿದರು. ಅಂಗಳದ ಅಂಚಿಗೆ ಹೋಗಿ ಉಗುಳಿ ಬಂದರು. ತಮ್ಮ ತೋಟದ ಕಡೆಗೊಮ್ಮೆ, ಅದರಾಚೆಯ ಗದ್ದೆ, ಹಳ್ಳ, ಗುಡ್ಡದ ಕಡೆಗೊಮ್ಮೆ ನೋಡಿದರು.

“ಮಂಗ ಕೂರುವುದು ಇಲ್ಲೇ, ನಮ್ಮ ಬಚ್ಚಲ ಹಿಂದೆ,” ಎಂದರು. “ನಿಮ್ಮ ಬಾಣ ಹಳ್ಳದಾಚೆ ಹೋಗಿ ಬಿದ್ದರೆ ಹೆಕ್ಕಿ ತರುವವರು ಯಾರು ಮಾರಾಯರೆ?”